ಮನೆಯಲ್ಲಿ ಮರದಚ್ಚು: ಮಾಡಬೇಕಾದ್ದು, ಮಾಡಬಾರದ್ದು

ತಾರಮಂಗಲಂನ ಮಗ್ಗದ ಮನೆಗಳಲ್ಲಿ ಹಲಗೆ ಕೊರೆದು ಚಿತ್ರ ಅಚ್ಚು ಹಾಕುವವರೆಲ್ಲರ ಗಮನಕ್ಕೆ

ಹಲಗೆಯ ಮೇಲೆ ಚಿತ್ರ ಬರೆದು, ಬೇಡದ ಮರವನ್ನು ಉಳಿಯಿಂದ ತೆಗೆದು, ಉಬ್ಬಿ ನಿಂತ ಭಾಗಕ್ಕೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿದರೆ ಮರದಚ್ಚು. ಯಂತ್ರ ಬೇಡ, ಕರೆಂಟು ಬೇಡ, ದೊಡ್ಡ ದುಡ್ಡೂ ಬೇಡ. ಅದಕ್ಕೇ ಇದು ಮನೆಯಲ್ಲಿ ನಡೆಯುವ ಕೆಲಸ. ಆದರೆ ತಾರಮಂಗಲಂನ ದೇವಾಂಗ ನೇಕಾರರ ಮನೆಗಳಲ್ಲಿ ಒಂದು ಕೋಣೆ ಮಗ್ಗಕ್ಕೆ ಮೀಸಲು. ಅಲ್ಲಿ ರೇಷ್ಮೆ ಹಾಸು ಹೂಡಿರುತ್ತದೆ, ಜರಿ ಉಂಡೆಗಳಿರುತ್ತವೆ, ನೂಲಿನ ತುಣುಕು ನೆಲದ ತುಂಬ ಹರಡಿರುತ್ತದೆ. ಅಂಥ ಮನೆಯೊಳಕ್ಕೆ ಹರಿತವಾದ ಉಳಿ, ಎಣ್ಣೆ ಮಸಿ, ಮರದ ಪುಡಿ ಬರುವಾಗ ಎಚ್ಚರ ಬೇರೆಯೇ ಬೇಕು. ಕೆಳಗಿನ ನಿಯಮಗಳು ಹೊಸಬರಿಗೂ ಅನ್ವಯಿಸುತ್ತವೆ, ಕೈ ಪಳಗಿದವರಿಗೂ ಅನ್ವಯಿಸುತ್ತವೆ.

1. ಜಾಗ

ಮಾಡಬೇಕಾದ್ದು:

- ಕೊರೆಯುವುದಕ್ಕೂ ಮಸಿ ಹಚ್ಚುವುದಕ್ಕೂ ಮಗ್ಗದ ಕೋಣೆಯ ಆಚೆ ಜಾಗ ಮಾಡಿಕೊಳ್ಳಿ. ಜಗಲಿ, ಹಿತ್ತಿಲ ಮಾಡು, ಮಹಡಿಯ ನೆರಳು ಯಾವುದಾದರೂ ಆದೀತು.
- ಬಲಗೈಯವರಿಗೆ ಬೆಳಕು ಎಡಗಡೆಯಿಂದ ಬೀಳಲಿ, ಎಡಗೈಯವರಿಗೆ ಬಲಗಡೆಯಿಂದ. ಕೊರೆದ ಗೀರಿನ ಆಳ ತಿಳಿಯುವುದು ಅದರ ನೆರಳಿನಿಂದ.
- ಮಸಿ ಕೆಲಸಕ್ಕೆ ಬೇರೆ ಅಂಗಿ, ಬೇರೆ ಪಂಚೆ ಇಟ್ಟುಕೊಳ್ಳಿ. ಮಗ್ಗಕ್ಕೆ ಕೂರುವ ಮುಂಚೆ ಸೋಪು ಹಾಕಿ, ಉಗುರ ಸಂದಿಯವರೆಗೂ ಕೈ ತೊಳೆಯಿರಿ.

ಮಾಡಬಾರದ್ದು:

- ಹಾಸು ಹೂಡಿರುವ ಕೋಣೆಯೊಳಗೆ ಮಸಿ ಡಬ್ಬಿಯ ಮುಚ್ಚಳ ತೆಗೆಯಬೇಡಿ. ಎಣ್ಣೆ ಮಸಿ ರೇಷ್ಮೆಗೆ ತಾಗಿದರೆ ಹೋಗುವುದಿಲ್ಲ. ಸೇಲಂ ವೆಣ್ಪಟ್ಟು ಎಂದು ಹೆಸರಾದ ಬಿಳಿ ರೇಷ್ಮೆ ಪಂಚೆ ನೇಯುವ ಮನೆಗಳಲ್ಲಂತೂ ಈ ನಿಯಮಕ್ಕೆ ರಿಯಾಯಿತಿ ಇಲ್ಲ.
- ಮಗ್ಗದ ಚೌಕಟ್ಟಿಗೆ ಹಲಗೆ ಆನಿಸಿ ಕೊಡತಿಯಿಂದ ಹೊಡೆಯಬೇಡಿ. ಮಗ್ಗದ ಮಟ್ಟ ತಪ್ಪಿದರೆ ನೇಯ್ಗೆಯೂ ಓರೆಯಾಗುತ್ತದೆ.
- ಪವರ್‌ಲೂಮ್ ಓಡುತ್ತಿರುವ ಕೋಣೆಯ ಪಕ್ಕ ಅಚ್ಚು ತೆಗೆಯಬೇಡಿ. ಅದರ ನಡುಕಕ್ಕೆ ಕಾಗದ ಜರುಗಿ ಚಿತ್ರ ಜೋಡಿಯಾಗಿ ಮೂಡುತ್ತದೆ.

2. ಮರ

ಮಾಡಬೇಕಾದ್ದು:

- ಚೆನ್ನಾಗಿ ಒಣಗಿದ, ಗಂಟಿಲ್ಲದ, ಎಳೆಗಳು ಒತ್ತೊತ್ತಾಗಿರುವ ಮರ ಆರಿಸಿ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ ಈ ಕೆಲಸಕ್ಕೂ ಒಳ್ಳೆಯದು: ಬಿಳಿ, ನಯ, ಉಳಿಗೆ ಬಾಗುವ ಗುಣ. ಅದು ಸಿಗದಿದ್ದರೆ ಮಾವು ಆದೀತು.
- ಆಚಾರಿಯ ಕೈಯಲ್ಲಿ ಮುಕ್ಕಾಲು ಅಂಗುಲ ದಪ್ಪಕ್ಕೆ ಸೀಳಿಸಿ, ಎರಡೂ ಮುಖ ಹತ್ತರಿ ಹೊಡೆಸಿ. ಆಮೇಲೆ ಉಪ್ಪು ಕಾಗದದಿಂದ ಮರದ ಎಳೆಯ ದಿಕ್ಕಿಗೇ ಉಜ್ಜಿ.
- ಮೊದಲ ಹಲಗೆ ಅಂಗೈಯಗಲಕ್ಕಿಂತ ದೊಡ್ಡದಾಗದಿರಲಿ.
- ಕಲಿಯುವವರು ಪ್ಲೈವುಡ್ ಬಳಸಬಹುದು. ಮೇಲಿನ ಪದರ ತೆಳುವಾಗಿರುವುದರಿಂದ ದೊಡ್ಡ ಗೆರೆಯ ಚಿತ್ರಕ್ಕೆ ಮಾತ್ರ.

ಮಾಡಬಾರದ್ದು:

- ಹಸಿ ಮರಕ್ಕೆ ಉಳಿ ಹಾಕಬೇಡಿ. ಇಂದು ಮಟ್ಟವಾಗಿರುವ ಹಸಿ ಹಲಗೆ ಬೇಸಿಗೆಯಲ್ಲಿ ದೋಣಿಯಾಗುತ್ತದೆ, ಇಲ್ಲವೇ ಸೀಳುತ್ತದೆ.
- ಹುಣಸೆ ಮರದ ತಿರುಳು ಹೊಸಬರಿಗಲ್ಲ, ಉಳಿಯ ಬಾಯಿ ಮುರಿಯುತ್ತದೆ. ತೆಂಗಿನ ಮರ ಬೇಡ, ಅದರ ನಾರು ಸಿಬಿರಾಗಿ ಏಳುತ್ತದೆ.
- ಶ್ರೀಗಂಧ, ರಕ್ತಚಂದನ, ಬೀಟೆ ಮುಟ್ಟಬೇಡಿ. ‘ತುಂಡು ತಾನೇ, ಯಾರು ಕೇಳುತ್ತಾರೆ’ ಎನ್ನಬೇಡಿ. ಈ ಮರಗಳ ಮೇಲೆ ಅರಣ್ಯ ಇಲಾಖೆಯ ಕಣ್ಣಿದೆ, ಕಾನೂನಿದೆ.
- ಎಂ.ಡಿ.ಎಫ್. ಹಲಗೆಯನ್ನು ಮುಚ್ಚಿದ ಕೋಣೆಯಲ್ಲಿ ಉಜ್ಜಬೇಡಿ. ಅದು ಮರದ ನಾರಿಗೆ ರಾಳ ಬೆರೆಸಿ ಒತ್ತಿ ಮಾಡಿದ್ದು. ಆ ಪುಡಿ ಎದೆಗೆ ಒಳ್ಳೆಯದಲ್ಲ. ಉಜ್ಜಲೇಬೇಕಾದರೆ ಹೊರಗೆ, ಮಾಸ್ಕ್ ಹಾಕಿಕೊಂಡು.

3. ಉಳಿ ಮತ್ತು ಕೈ

ಮಾಡಬೇಕಾದ್ದು:

- ಮೂರು ಉಳಿ ಸಾಕು: ಗೆರೆ ಎಳೆಯಲು ವಿ ಬಾಯಿಯದು, ಬಯಲು ತೆಗೆಯಲು ಯು ಬಾಯಿಯದು, ಅಂಚು ಕತ್ತರಿಸಲು ಓರೆ ಬಾಯಿಯ ಚಾಕು. ಉಳಿದವನ್ನು ಕೆಲಸ ಕೇಳಿದಾಗ ಕೊಳ್ಳಿ.
- ಹಲಗೆ ಜರುಗದಂತೆ ತಡೆ ಮಾಡಿಕೊಳ್ಳಿ. ಒಂದು ಮಣೆಯ ನಿಮ್ಮ ಕಡೆಯ ಅಂಚಿಗೆ ಕೆಳಮುಖವಾಗಿ ಒಂದು ಪಟ್ಟಿ, ಆಚೆ ಕಡೆಯ ಅಂಚಿಗೆ ಮೇಲ್ಮುಖವಾಗಿ ಇನ್ನೊಂದು ಪಟ್ಟಿ ಹೊಡೆದರೆ ಆಯಿತು. ಕೆಳಗಿನ ಪಟ್ಟಿ ಮೇಜಿಗೆ ಆನಿಕೊಳ್ಳುತ್ತದೆ, ಮೇಲಿನದು ಹಲಗೆಯನ್ನು ತಡೆಯುತ್ತದೆ.
- ಎರಡೂ ಕೈ ಸದಾ ಉಳಿಯ ಬಾಯಿಗಿಂತ ಹಿಂದೆ ಇರಲಿ. ಒಂದು ಕೈ ನೂಕಲಿ, ಇನ್ನೊಂದು ಕೈಯ ಬೆರಳು ಉಳಿಯ ಮೇಲೆಯೇ ಕೂತು ಲಗಾಮು ಹಿಡಿಯಲಿ.
- ಗೆರೆ ತಿರುಗಿದಾಗ ಹಲಗೆಯನ್ನು ತಿರುಗಿಸಿ, ಮಣಿಕಟ್ಟನ್ನು ತಿರುಗಿಸಬೇಡಿ.
- ದಿನದ ಕೆಲಸಕ್ಕೆ ಮೊದಲು ಸಾಣೆ ಹಿಡಿಯಿರಿ, ನಡುನಡುವೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಎಳೆಯಿರಿ. ಮೊಂಡಾದ ಉಳಿಯೇ ಹೆಚ್ಚು ಅಪಾಯಕಾರಿ. ಅದಕ್ಕೆ ಬಲ ಬೇಕು, ಬಲ ಹಾಕಿದಾಗ ಜಾರುತ್ತದೆ.

ಮಾಡಬಾರದ್ದು:

- ಹಲಗೆಯನ್ನು ತೊಡೆಯ ಮೇಲಿಟ್ಟು ಕೊರೆಯಬೇಡಿ. ತೊಡೆಯಲ್ಲಿ ದೊಡ್ಡ ರಕ್ತನಾಳವಿದೆ.
- ಎಡಗೈಯಲ್ಲಿ ಹಲಗೆಯ ಮುಂದಿನ ಅಂಚು ಹಿಡಿದು ಬಲಗೈಯಲ್ಲಿ ಅದೇ ದಿಕ್ಕಿಗೆ ನೂಕಬೇಡಿ. ಉಳಿ ಜಾರಿದರೆ ಅದು ಹೋಗುವುದು ಎಡಗೈಗೆ. ನೇಯುವವರಿಗೆ ಬೆರಳೇ ಅನ್ನ.
- ಹಳೆಯ ಕೊಡೆ ಕಡ್ಡಿಯಿಂದ ಮಾಡಿದ ಉಳಿ ಲಿನೋಲಿಯಂ ಎಂಬ ಮೆತ್ತನೆಯ ಹಾಳೆಗೆ ನಡೆಯುತ್ತದೆ. ಮರಕ್ಕೆ ಹಾಕಬೇಡಿ, ಬಾಗಿ ಸಿಡಿಯುತ್ತದೆ.
- ಉಳಿಯನ್ನು ಹಾಸಿಗೆ, ಚಾಪೆ, ಮಗ್ಗದ ಗುಂಡಿಯ ಅಂಚಿನಲ್ಲಿ ಬಿಟ್ಟು ಏಳಬೇಡಿ. ಒಂದು ಬಟ್ಟೆಯ ಸುರುಳಿಯಲ್ಲಿ, ಒಂದೊಂದು ಉಳಿಗೆ ಒಂದೊಂದು ಜೇಬು ಹೊಲಿದು ಇಡಿ.
- ಮರದ ಸಿಬಿರನ್ನು ಬಾಯಿಂದ ಊದಬೇಡಿ, ಕಣ್ಣಿಗೆ ಬೀಳುತ್ತದೆ. ಬ್ರಷ್ಷಿನಿಂದ ಗುಡಿಸಿ.

4. ಚಿತ್ರ

ಮರದಚ್ಚಿನಲ್ಲಿ ಒಂದು ಜಾಗ ಕಪ್ಪಾಗಬೇಕು ಇಲ್ಲವೇ ಬಿಳಿಯಾಗಬೇಕು, ನಡುವೆ ಏನೂ ಇಲ್ಲ. ಮಗ್ಗದ ಜಕಾರ್ಡ್ ಕಾರ್ಡಿನಲ್ಲಿ ತೂತು ಇದೆ ಅಥವಾ ಇಲ್ಲ ಎನ್ನುವಂತೆ. ಗ್ರಾಫ್ ಕಾಗದದಲ್ಲಿ ಅಂಚು, ಸೆರಗಿನ ಡಿಸೈನ್ ಬಿಡಿಸಿ ಅಭ್ಯಾಸವಿರುವ ಮನೆಯವರಿಗೆ ಇದು ಬೇಗ ಹಿಡಿಸುತ್ತದೆ. ಬೂದು ಬೇಕೆನಿಸಿದರೆ ಗೆರೆಗಳನ್ನು ಹತ್ತಿರ ಹತ್ತಿರ ಕೊರೆಯಬೇಕು, ಅಷ್ಟೇ.

ಮಾಡಬೇಕಾದ್ದು:

- ಚಿತ್ರವನ್ನು ಹಲಗೆಯ ಮೇಲೆ ಎಡಬಲ ತಿರುಗಿಸಿ ಬರೆಯಿರಿ. ಪಾರದರ್ಶಕ ಕಾಗದದಲ್ಲಿ ಬರೆದು, ಮಗುಚಿ, ಕಾರ್ಬನ್ ಇಟ್ಟು ತಿದ್ದುವುದು ಸುಲಭದ ದಾರಿ.
- ಕೊರೆಯುವ ಮುಂಚೆ ಹಲಗೆಯನ್ನು ಕನ್ನಡಿಗೆ ಹಿಡಿಯಿರಿ. ಕನ್ನಡಿಯಲ್ಲಿ ಕಂಡದ್ದೇ ಕಾಗದದಲ್ಲಿ ಬರುವುದು.
- ಉಳಿಸಬೇಕಾದ ಭಾಗಕ್ಕೆಲ್ಲ ಕಪ್ಪು ಇಂಕು ತುಂಬಿ. ಕಪ್ಪು ಮುಟ್ಟಬಾರದು, ಬಿಳಿ ತೆಗೆಯಬೇಕು ಎಂಬ ಒಂದೇ ನಿಯಮದಲ್ಲಿ ಕೈ ನಡೆಯಲಿ.
- ಮೊದಲು ಗೆರೆಗಳ ಅಂಚು ಕತ್ತರಿಸಿ, ಆಮೇಲೆ ಬಯಲು ತೆಗೆಯಿರಿ. ಗೆರೆಯ ಬುಡ ಮೇಲ್ಭಾಗಕ್ಕಿಂತ ಅಗಲವಿರುವಂತೆ ಉಳಿಯನ್ನು ಓರೆ ಹಿಡಿಯಿರಿ. ಬುಡ ತೆಳುವಾದ ಗೆರೆ ಒತ್ತುವಾಗ ಮುರಿಯುತ್ತದೆ.

ಮಾಡಬಾರದ್ದು:

- ಎಡಬಲ ನೋಡದೆ ಆಕೃತಿ ಕೊರೆಯಬೇಡಿ. ಎಡ ಹೆಗಲ ಸೆರಗು ಬಲಕ್ಕೆ ಹೋಗುತ್ತದೆ. ದೇವಿ ಚೌಡೇಶ್ವರಿಯ ಬಲಗೈಯ ಆಯುಧ ಎಡಗೈಗೆ ಬರುತ್ತದೆ. ಎಡಕ್ಕೆ ಸೊಂಡಿಲು ತಿರುಗಿದ ಮನೆಯ ಗಣಪ ಬಲಮುರಿಯಾಗಿ ಮೂಡುತ್ತಾನೆ, ಆಮೇಲೆ ಅವನ ನೇಮ ನಿಷ್ಠೆಯ ಬಗ್ಗೆ ಮನೆಯ ಹಿರಿಯರಿಗೆ ಉತ್ತರ ಹೇಳಬೇಕಾಗುತ್ತದೆ.
- ಮನೆದೇವರ ಚಿತ್ರಕ್ಕೆ ಹಿರಿಯರನ್ನು ಕೇಳದೆ ಉಳಿ ಇಡಬೇಡಿ. ದೇವಿಯ ಮುಖಕ್ಕೆ ಲೋಹದ ಬಾಯಿ ತಾಗಿಸಲು ಒಪ್ಪದವರಿದ್ದಾರೆ. ಅಂಥ ಮನೆಯಲ್ಲಿ ಬೇರೆ ಚಿತ್ರ ಕೊರೆಯಿರಿ.
- ದೇವರ ಚಿತ್ರದ ಕೆಟ್ಟ ಪ್ರತಿಯಲ್ಲಿ ಮಸಿ ಒರೆಸಬೇಡಿ, ಕಡಲೆಕಾಯಿ ಕಟ್ಟಲು ಕೊಡಬೇಡಿ.
- ತಪ್ಪಿ ಹಾರಿದ ಚೂರನ್ನು ಬಿಸಾಡಬೇಡಿ. ಕೂಡಲೇ ಮರದ ಗೋಂದು ಹಚ್ಚಿ ಅದೇ ಜಾಗಕ್ಕೆ ಕೂರಿಸಿದರೆ ಉಳಿಯುತ್ತದೆ. ಚೂರು ಕಳೆದರೆ ಆ ಗೆರೆ ಹೋದಂತೆಯೇ.

5. ಅಕ್ಷರ

ಈ ಊರಿನ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಓದು ತಮಿಳು. ಅಚ್ಚಿಗೆ ಎರಡೂ ಲಿಪಿ ಬರಲಿ. ಆದರೆ ಎರಡೂ ದುಂಡು ಲಿಪಿಗಳೇ. ಮರದ ಎಳೆ ನೇರ, ನಮ್ಮ ಅಕ್ಷರ ವಕ್ರ. ಎಳೆಗೆ ಅಡ್ಡ ಬರುವ ತಿರುವಿನಲ್ಲಿಯೇ ಮರ ಎದ್ದು ಬರುವುದು.

ಮಾಡಬೇಕಾದ್ದು:

- ಅಕ್ಷರವನ್ನು ಕನಿಷ್ಠ ಒಂದು ಅಂಗುಲ ಎತ್ತರಕ್ಕೆ ಬರೆಯಿರಿ.
- ಹೊಸಬರು ಅಕ್ಷರವನ್ನೇ ಕೊರೆದು ತೆಗೆಯಲಿ, ಸುತ್ತಲಿನ ಮರ ಉಳಿಸಲಿ. ಕಪ್ಪಿನಲ್ಲಿ ಬಿಳಿ ಅಕ್ಷರ ಬರುತ್ತದೆ, ಗೆರೆ ಮುರಿಯುವ ಭಯವಿಲ್ಲ. ಕಲಾವಿದ ನಂದಲಾಲ್ ಬೋಸ್ 1930ರಲ್ಲಿ ದಂಡಿಯಾತ್ರೆಯ ಗಾಂಧೀಜಿಯನ್ನು ಲಿನೋಲಿಯಂ ಮೇಲೆ ಕೊರೆದದ್ದು ಹೀಗೆಯೇ: ಕಪ್ಪು ಹಿನ್ನೆಲೆ, ಬಿಳಿ ಗೆರೆ, ಕೈಯಲ್ಲಿ ಕೋಲು.
- ತಿರುವಿನಲ್ಲಿ ಮೊದಲು ಚಾಕುವಿನಿಂದ ಎಳೆ ಕಡಿದು, ಆಮೇಲೆ ಉಳಿ ನೂಕಿ.

ಮಾಡಬಾರದ್ದು:

- ಮೊದಲ ಹಲಗೆಯಲ್ಲೇ ಉಬ್ಬು ಅಕ್ಷರಕ್ಕೆ ಕೈ ಹಾಕಬೇಡಿ. ಕನ್ನಡದ ತಲೆಕಟ್ಟು, ತೆಳುವಾದ ಒತ್ತಕ್ಷರ ಮೊದಲು ಹಾರುವ ಭಾಗಗಳು.
- ತಿರುಗುಮುರುಗು ಬರೆಯುವಾಗ ನೆನಪಿನ ಮೇಲೆ ನಂಬಿಕೆ ಇಡಬೇಡಿ. ಹೆಸರು, ಇಸವಿ, ಪುಟ್ಟ ಅಂಕಿ ಎಲ್ಲವನ್ನೂ ಕನ್ನಡಿಯಲ್ಲಿ ಓದಿ ನೋಡಿ. ಮನೆಯ ಇನ್ನೊಬ್ಬರ ಕೈಯಲ್ಲೂ ಓದಿಸಿ.

6. ಕೈಲಾಸನಾಥ ದೇವಸ್ಥಾನ

ಈ ಸೀಮೆಯನ್ನು ಆಳಿದ ಗಟ್ಟಿ ಮುದಲಿಗಳ ಕಾಲದ ಕಲ್ಲಿನ ಕೆಲಸ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇರುವಾಗ ಚಿತ್ರಕ್ಕೆ ಬರ ಇಲ್ಲ. ಕಂಬದ ಕುದುರೆ ಸವಾರರು, ಬಾಯೊಳಗೆ ಉರುಳುವ ಕಲ್ಲಿನ ಗುಂಡಿಟ್ಟುಕೊಂಡ ಯಾಳಿ, ಎಲ್ಲವೂ ಮರದಚ್ಚಿಗೆ ಹೇಳಿ ಮಾಡಿಸಿದಂತೆ ಬೆಳಕು ನೆರಳು ಹೊತ್ತು ನಿಂತಿವೆ.

ಮಾಡಬೇಕಾದ್ದು:

- ನೋಡಿ ಬರೆಯಿರಿ. ಪುಸ್ತಕ, ಪೆನ್ಸಿಲ್ ಸಾಕು. ಬಿಸಿಲು ಓರೆಯಾಗಿ ಬೀಳುವ ಬೆಳಿಗ್ಗೆ ಅಥವಾ ಸಂಜೆ ಹೋದರೆ ಶಿಲ್ಪದ ಉಬ್ಬುತಗ್ಗು ಎದ್ದು ಕಾಣುತ್ತದೆ.
- ಫೋಟೋ ಬೇಕಾದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ ತೆಗೆಯಿರಿ.

ಮಾಡಬಾರದ್ದು:

- ಕಲ್ಲಿನ ಮೇಲೆ ಕಾಗದ ಇಟ್ಟು ಉಜ್ಜಿ ಪಡಿಯಚ್ಚು ತೆಗೆಯಬೇಡಿ. ಮಸಿ, ಮೇಣ, ಇದ್ದಿಲು ಯಾವುದೂ ಶಿಲ್ಪಕ್ಕೆ ತಾಗಬಾರದು.
- ಯಾಳಿಯ ಬಾಯೊಳಗಿನ ಗುಂಡಿಗೆ ಬೆರಳು ಹಾಕಿ ಉರುಳಿಸಿ ಆಡಬೇಡಿ.
- ಪೂಜೆಯ ಹೊತ್ತಿನಲ್ಲಿ ದಾರಿಗೆ ಅಡ್ಡ ಕೂತು ಬರೆಯಬೇಡಿ.

7. ಮಸಿ, ಕಾಗದ, ಒತ್ತು

ಮಾಡಬೇಕಾದ್ದು:

- ಮಸಿಯನ್ನು ಗಾಜಿನ ಹಲಗೆಯ ಮೇಲೆ ತೆಳುವಾಗಿ ಹರಡಿ. ರೋಲರ್ ಉರುಳುವಾಗ ಚುರುಚುರು ಎಂದು ಸಣ್ಣಗೆ ಸದ್ದು ಬರಬೇಕು. ಪಿಚಪಿಚ ಎಂದರೆ ಮಸಿ ಹೆಚ್ಚಾಯಿತು.
- ಒಂದೇ ಸಲ ದಪ್ಪ ಬಳಿಯುವ ಬದಲು ತೆಳುವಾಗಿ ನಾಲ್ಕೈದು ಸಲ, ದಿಕ್ಕು ಬದಲಿಸಿ ಉರುಳಿಸಿ.
- ಕೈಯಲ್ಲಿ ಒತ್ತುವುದಕ್ಕೆ ತೆಳು ಕಾಗದ ಬೇಕು. ಹತ್ತಿ ನಾರಿನ ತೆಳು ಕೈಕಾಗದ ಉತ್ತಮ. ಪ್ರಯೋಗಕ್ಕೆ ನ್ಯೂಸ್‌ಪ್ರಿಂಟ್ ಸಾಕು.
- ಕಾಗದದ ಬೆನ್ನಿಗೆ ಮರದ ಸೌಟಿನ ತಳ ಅಥವಾ ಸ್ಟೀಲ್ ಚಮಚದ ಬೆನ್ನು ಇಟ್ಟು, ನಡುವಿನಿಂದ ಅಂಚಿಗೆ ಸಣ್ಣ ಸುತ್ತುಗಳಲ್ಲಿ ಉಜ್ಜಿ. ಒಂದು ಮೂಲೆಯನ್ನು ಮಾತ್ರ ಎತ್ತಿ ನೋಡಿ. ಮಸಿ ಸಾಲದ ಕಡೆ ಮತ್ತೆ ಉಜ್ಜಿ.
- ನೀರು ಬೆರೆಯುವ ಮಸಿಯಾದರೆ ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಕೆಲಸ ಮುಗಿಸಿ. ಸೇಲಂ ಸೀಮೆಯ ಏಪ್ರಿಲ್, ಮೇ ಬಿಸಿಲಿಗೆ ಅದು ಗಾಜಿನ ಮೇಲೆಯೇ ಒಣಗುತ್ತದೆ. ಎಣ್ಣೆ ಮಸಿಯ ಪ್ರತಿಗಳು ಐಪ್ಪಸಿ, ಕಾರ್ತಿಕದ ಮಳೆಗಾಲದಲ್ಲಿ ನಿಧಾನವಾಗಿ ಒಣಗುತ್ತವೆ. ದಾರಕ್ಕೆ ಕ್ಲಿಪ್ ಹಾಕಿ ಗಾಳಿಯಾಡುವಂತೆ ತೂಗುಬಿಡಿ.

ಮಾಡಬಾರದ್ದು:

- ಕಾಗದ ಇಟ್ಟ ಮೇಲೆ ಜರುಗಿಸಬೇಡಿ. ಓರೆಯಾಗಿದ್ದರೆ ಓರೆಯಾಗಿಯೇ ಮುಗಿಸಿ, ಮುಂದಿನದನ್ನು ಸರಿಯಾಗಿ ಇಡಿ.
- ಮಂದ ಡ್ರಾಯಿಂಗ್ ಹಾಳೆಯ ಮೇಲೆ ಚಮಚ ತಿಕ್ಕಿ ಭುಜ ನೋಯಿಸಿಕೊಳ್ಳಬೇಡಿ. ಅದಕ್ಕೆ ಪ್ರೆಸ್ ಬೇಕು.
- ಹಲಗೆಯನ್ನು ನೀರಿನಲ್ಲಿ ನೆನೆಹಾಕಿ ತೊಳೆಯಬೇಡಿ. ಮರ ಉಬ್ಬಿ ಸಣ್ಣ ಗೆರೆಗಳು ಕೆಡುತ್ತವೆ.
- ಕಾಗದದ ಮಸಿಯನ್ನು ಸೀರೆ, ಪಂಚೆಯ ಮೇಲೆ ಒತ್ತಬೇಡಿ. ಬಟ್ಟೆಯ ಅಚ್ಚಿಗೆ ಬೇರೆ ಬಣ್ಣ, ಬೇರೆ ಹಲಗೆ, ಬೇರೆ ವಿಧಾನ.

8. ಒಂದಕ್ಕಿಂತ ಹೆಚ್ಚು ಬಣ್ಣ

ಮಾಡಬೇಕಾದ್ದು:

- ಬಣ್ಣಕ್ಕೊಂದು ಹಲಗೆ ಕೊರೆಯುವುದಾದರೆ ಪ್ರತಿ ಹಲಗೆಯಲ್ಲೂ ಒಂದೇ ಜಾಗದಲ್ಲಿ ಎರಡು ಗುರುತು ಮಾಡಿ: ಮೂಲೆಗೊಂದು, ಉದ್ದ ಅಂಚಿಗೊಂದು. ಕಾಗದವನ್ನು ಮೊದಲು ಮೂಲೆಗೆ, ಆಮೇಲೆ ಅಂಚಿಗೆ ಕೂರಿಸಿ. ಜಪಾನಿನವರು ಹದಿನೆಂಟನೆಯ ಶತಮಾನದಲ್ಲಿ ಬಹುವರ್ಣದ ಚಿತ್ರಗಳನ್ನು ಕೈಯಲ್ಲೇ ಒತ್ತಿದ್ದು ಈ ಎರಡು ಗುರುತಿನ ಬಲದಿಂದ.
- ಒಂದೇ ಹಲಗೆಯನ್ನು ಹಂತ ಹಂತವಾಗಿ ಕೊರೆದು ಬಣ್ಣ ಹಾಕುವುದಾದರೆ, ಬೇಕಾದ ಎಲ್ಲ ಪ್ರತಿಗಳಿಗೂ ಮೊದಲ ಬಣ್ಣವನ್ನು ಒಟ್ಟಿಗೇ ಒತ್ತಿ. ಕೆಡುವ ಪ್ರತಿಗಳಿಗಾಗಿ ನಾಲ್ಕಾರು ಹಾಳೆ ಹೆಚ್ಚಿಗೆ ಇರಲಿ.

ಮಾಡಬಾರದ್ದು:

- ತಿಳಿ ಬಣ್ಣ ಬಿಟ್ಟು ಗಾಢ ಬಣ್ಣದಿಂದ ಶುರುಮಾಡಬೇಡಿ.
- ಹಿಂದಿನ ಬಣ್ಣ ಒಣಗುವ ಮುಂಚೆ ಮುಂದಿನದನ್ನು ಒತ್ತಬೇಡಿ.

9. ಎಣ್ಣೆ ಬಟ್ಟೆ ಮತ್ತು ಬೆಂಕಿ

ಇಡೀ ಸೂಚನೆಯಲ್ಲಿ ಅತಿ ಗಂಭೀರವಾಗಿ ಓದಬೇಕಾದ ಭಾಗ ಇದು. ಅಚ್ಚಿನ ಎಣ್ಣೆ ಮಸಿಯಲ್ಲಿ ಸಾಮಾನ್ಯವಾಗಿ ಅಗಸೆ ಎಣ್ಣೆ ಇರುತ್ತದೆ. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾಗುತ್ತದೆ, ಹಾಗೆ ಕೂಡುವಾಗ ಶಾಖ ಹೊರಬರುತ್ತದೆ. ಹರಡಿದ ಬಟ್ಟೆಯಿಂದ ಆ ಶಾಖ ಹಾರಿಹೋಗುತ್ತದೆ. ಮುದ್ದೆ ಮಾಡಿ ಎಸೆದ ಬಟ್ಟೆಯೊಳಗೆ ಅದು ಕೂಡಿಕೊಂಡು, ಬೆಂಕಿಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಪಕ್ಕದಲ್ಲಿ ನೂಲಿನ ಚೂರು, ರೇಷ್ಮೆಯ ಸಿಕ್ಕು, ಮರದ ಪುಡಿ ಇದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಮಾಡಬೇಕಾದ್ದು:

- ಮಸಿ ಒರೆಸಿದ ಬಟ್ಟೆಯನ್ನು ಅಂದೇ ನೀರು ತುಂಬಿದ ತಗಡಿನ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ. ಇಲ್ಲವೇ ಹೊರಗೆ, ಕಲ್ಲಿನ ಮೇಲೆ ಒಂದೊಂದಾಗಿ ಬಿಡಿಸಿ ಹರಡಿ ಪೂರ್ತಿ ಒಣಗಿಸಿ.
- ಗಾಜು, ರೋಲರ್, ಹಲಗೆಯನ್ನು ಮೊದಲು ಒಣ ಬಟ್ಟೆಯಿಂದ, ಆಮೇಲೆ ಸ್ವಲ್ಪ ಅಡುಗೆ ಎಣ್ಣೆಯಿಂದ ಒರೆಸಿ. ಗಾಜು, ರೋಲರನ್ನು ಕೊನೆಗೆ ಸೋಪಿನ ನೀರಿನಿಂದ ತೊಳೆಯಿರಿ. ಸೀಮೆಎಣ್ಣೆ, ಟರ್ಪೆಂಟೈನ್ ಬೇಕಾಗುವುದೇ ಇಲ್ಲ.
- ಕೊರೆದ ಪುಡಿಯನ್ನು ದಿನವೂ ಗುಡಿಸಿ ಹೊರಗೆ ಹಾಕಿ.

ಮಾಡಬಾರದ್ದು:

- ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ, ಪ್ಲಾಸ್ಟಿಕ್ ಚೀಲಕ್ಕೆ, ನೂಲಿನ ಕಸದ ಬುಟ್ಟಿಗೆ ಹಾಕಬೇಡಿ.
- ಒಲೆಯ ಹತ್ತಿರ, ದೇವರ ದೀಪದ ಹತ್ತಿರ ಮಸಿ ಕೆಲಸ ಮಾಡಬೇಡಿ.
- ಮಸಿ ಮೇಜಿನ ಬಳಿ ಬೀಡಿ, ಸಿಗರೇಟು ಬೇಡವೇ ಬೇಡ.

10. ಮಕ್ಕಳು, ಗಾಯ

ಮಾಡಬೇಕಾದ್ದು:

- ಚಿಕ್ಕ ಮಕ್ಕಳು ಮಸಿ ಉರುಳಿಸಲಿ, ಚಮಚ ತಿಕ್ಕಲಿ, ಕಾಗದ ಎತ್ತಲಿ. ಕೊರೆಯುವ ಆಸೆಯಿದ್ದರೆ ಆಲೂಗಡ್ಡೆ ಕೊಯ್ದು ಕೊಟ್ಟು, ಮೊಂಡು ಕಡ್ಡಿಯಿಂದ ಗೀರಲು ಬಿಡಿ.
- ದೊಡ್ಡ ಮಕ್ಕಳು ಉಳಿ ಹಿಡಿಯುವಾಗ ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿರಲಿ.
- ಗಾಯವಾದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿ. ರಕ್ತ ನಿಲ್ಲದಿದ್ದರೆ, ಬೆರಳು ಜೋಮು ಹಿಡಿದರೆ, ಮಡಿಸಲು ಆಗದಿದ್ದರೆ ತಡಮಾಡದೆ ಓಮಲೂರಿನ ಅಥವಾ ಸೇಲಂನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಆಂಬುಲೆನ್ಸಿಗೆ 108. ಟೆಟನಸ್ ಚುಚ್ಚುಮದ್ದಿನ ಬಗ್ಗೆ ಕೇಳಿ.

ಮಾಡಬಾರದ್ದು:

- ಗಾಯಕ್ಕೆ ಕಾಫಿ ಪುಡಿ, ಅರಿಶಿನ, ಸುಣ್ಣ ತುಂಬಬೇಡಿ.
- ನಿದ್ದೆಗಣ್ಣಿನಲ್ಲಿ, ದಿನವಿಡೀ ನೇಯ್ದು ಕೈ ದಣಿದಾಗ ಉಳಿ ಹಿಡಿಯಬೇಡಿ. ಹಲಗೆ ನಾಳೆಗೂ ಇರುತ್ತದೆ.

11. ಪ್ರತಿಗಳ ಲೆಕ್ಕ, ಮಾರಾಟ

ಮಾಡಬೇಕಾದ್ದು:

- ಎಷ್ಟು ಪ್ರತಿ ಎಂದು ಮೊದಲೇ ತೀರ್ಮಾನಿಸಿ. ಇಪ್ಪತ್ತು ಎಂದಾದರೆ ಪ್ರತಿಯೊಂದರ ಕೆಳಗೆ ಪೆನ್ಸಿಲಿನಲ್ಲಿ 1/20, 2/20 ಎಂದು ಬರೆದು ಸಹಿ ಮಾಡಿ, ಇಸವಿ ಹಾಕಿ.
- ಹಲಗೆಯನ್ನು ಒರೆಸಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಟ್ಟವಾದ ಜಾಗದಲ್ಲಿ ಮಲಗಿಸಿಡಿ. ಗೆದ್ದಲು ಬರದ ಎತ್ತರದಲ್ಲಿರಲಿ.

ಮಾಡಬಾರದ್ದು:

- ಇಪ್ಪತ್ತು ಎಂದು ಬರೆದು ಇಪ್ಪತ್ತೊಂದನೆಯದನ್ನು ಮಾರಬೇಡಿ.
- ಜೆರಾಕ್ಸ್, ಕಂಪ್ಯೂಟರ್ ಪ್ರಿಂಟನ್ನು ಕೈಯಚ್ಚು ಎಂದು ಕೊಡಬೇಡಿ.
- ಇನ್ನೊಬ್ಬರ ಸೀರೆಯ ಡಿಸೈನನ್ನು, ಇನ್ನೊಬ್ಬರ ಅಚ್ಚನ್ನು ಕೇಳದೆ ನಕಲು ಮಾಡಬೇಡಿ. ಸೆರಗಿನ ಡಿಸೈನಿಗೆ ಒಬ್ಬರ ದುಡಿಮೆ ಇರುತ್ತದೆಂದು ಈ ಊರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಈ ಸೂಚನೆಯನ್ನು ಮಸಿ ಮೇಜಿನ ಎದುರಿನ ಗೋಡೆಗೆ ಅಂಟಿಸಿ. ಮನೆಯಲ್ಲಿ ಕನ್ನಡ ಆಡುವವರಿದ್ದು ಓದಲು ಬಾರದಿದ್ದರೆ, ಉಳಿ ಕೊಡುವ ಮುಂಚೆ ಮೂರನೆಯ ಮತ್ತು ಒಂಬತ್ತನೆಯ ಭಾಗವನ್ನಾದರೂ ಅವರಿಗೆ ಓದಿ ಹೇಳಿ.